72 ಪಂಡಿತರ ಕಥೆಯನ್ನು ಅನುಮಾನಿಸಿದವರು

ಪ್ರಶ್ನೆ: ನಮ್ಮ ಸತ್ಯವೇದದಲ್ಲಿ ಮಲಾಕಿಯ ಮುಗಿದು ಪುಟ ತಿರುಗಿಸಿದರೆ ಮತ್ತಾಯ. ನಡುವಿನ ನಾನೂರು ವರ್ಷಗಳಲ್ಲಿ ಏನಾಯಿತೆಂದು ಪಾದ್ರಿಗಳನ್ನು ಕೇಳಿದೆ. ಈಜಿಪ್ಟಿನ ಅರಸ 72 ಪಂಡಿತರನ್ನು ಕರೆಸಿ 72 ದಿನಗಳಲ್ಲಿ ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತರಿಸಿದ ಎಂದರು. ಇದು ನಿಜವೇ?
– ಓದುಗರು, ಮಂಗಳೂರು

ಉತ್ತರ: ಅನುವಾದ ಆದದ್ದು ನಿಜ. ಆದ ಬಗೆಯನ್ನು ಹೇಳುವ ಮೂಲ ಆಧಾರ ‘ಅರಿಸ್ಟಿಯಾಸನ ಪತ್ರ’. ಅದನ್ನು ಬರೆದವನು ತಾನು ಆ ಈಜಿಪ್ಟಿನ ಅರಸ ಎರಡನೇ ಟಾಲೆಮಿಯ ಆಸ್ಥಾನದ ಗ್ರೀಕ ಎನ್ನುತ್ತಾನೆ. ಅರಸನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಡಿಮೆಟ್ರಿಯಸ್ ಈ ಅನುವಾದದ ಸಲಹೆ ಕೊಟ್ಟನಂತೆ. ಜೆರುಸಲೇಮಿನ ಮಹಾಯಾಜಕ ಹನ್ನೆರಡು ಕುಲಗಳಿಂದ ಆರಾರು ಹಿರಿಯರನ್ನು ಕಳಿಸಿದನಂತೆ. ಅಲ್ಲಿಯೂ ಮಾತು ಮೋಶೆಯ ಧರ್ಮಶಾಸ್ತ್ರದ್ದು ಮಾತ್ರ, ಇಡೀ ಹಳೆಯ ಒಡಂಬಡಿಕೆಯದಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರೂ ಎಲ್ಲರ ಅನುವಾದ ಅಕ್ಷರಶಃ ಒಂದೇ ಆಗಿತ್ತೆಂಬುದು ಆಮೇಲೆ ಸೇರಿದ ಮಾತು. ಅದನ್ನು ಕ್ರಿ.ಶ. 400ರ ಸುಮಾರಿಗೇ, ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಸುಳ್ಳೆಂದಿದ್ದರು. ಪತ್ರದ ಮೇಲಿನ ನಂಬಿಕೆ ಮಾತ್ರ ಸಾವಿರ ವರ್ಷ ಕದಲಲಿಲ್ಲ.

1570ರಲ್ಲಿ ಇಟಲಿಯ ಫೆರಾರಾದಲ್ಲಿ ಭೂಕಂಪವಾಯಿತು. ಪೋ ನದಿಯಾಚೆಗೆ ಹೋಗಿ ಆಶ್ರಯ ಪಡೆದ ಯೆಹೂದಿ ವಿದ್ವಾಂಸ ಅಜರ್ಯ ದೆ ರೊಸ್ಸಿಗೆ, ಅಲ್ಲಿಗೇ ಬಂದಿದ್ದ ಕ್ರೈಸ್ತ ಪಂಡಿತರೊಬ್ಬರು ಇದೇ ಪತ್ರವನ್ನು ಓದುತ್ತಾ ಸಿಕ್ಕಿದರು. ಪತ್ರದ ಲ್ಯಾಟಿನ್ ಅನುವಾದ ಕೆಲವೆಡೆ ಬಿಡಿಸಲಾಗುತ್ತಿಲ್ಲ, ನಿಮ್ಮವರ ಬಳಿ ಹೀಬ್ರೂ ಪ್ರತಿ ಇದೆಯೇ ಎಂದು ಕೇಳಿದರು. ಯೆಹೂದ್ಯರಲ್ಲಿ ಅದು ಇರಲೇ ಇಲ್ಲ. ರೊಸ್ಸಿ ಇಪ್ಪತ್ತು ದಿನ ಕೂತು ತಾವೇ ಹೀಬ್ರೂವಿಗೆ ತಂದರು. ಟಾಲೆಮಿಗಳ ಕಾಲದ ಗ್ರೀಕ್ ಆಡುವ ಯೆಹೂದ್ಯರ ಬರಹಗಳನ್ನು ಉಳಿಸಿಕೊಂಡು ಬಂದದ್ದು ಬಹುಪಾಲು ಕ್ರೈಸ್ತರು ಎಂಬುದು ಈ ಒಂದು ಭೇಟಿಯಲ್ಲೇ ಕಾಣುತ್ತದೆ.

ರೊಸ್ಸಿ ಪತ್ರವನ್ನು ನಂಬಿದ್ದರು. ಸ್ಪೇನಿನ ವಿದ್ವಾಂಸ ಹುವಾನ್ ಲೂಯಿಸ್ ವಿವೆಸ್ 1522ರಲ್ಲೇ ಅನುಮಾನ ತೆಗೆದಿದ್ದರು, ಆದರೆ ಬಲವಾದ ಪೆಟ್ಟು ಕೊಟ್ಟವರು ನೆದರ್‌ಲ್ಯಾಂಡಿನ ಲೈಡನ್ನಿನಲ್ಲಿದ್ದ ಕಾಲಗಣನೆಯ ಪಂಡಿತ ಜೋಸೆಫ್ ಸ್ಕಾಲಿಗರ್, 1606ರಲ್ಲಿ. ಅವರು ಹಿಡಿದದ್ದು ಡಿಮೆಟ್ರಿಯಸ್‌ನನ್ನು. ಮೊದಲ ಟಾಲೆಮಿಗೆ ಈತ, ಪಟ್ಟವನ್ನು ಇನ್ನೊಬ್ಬ ಮಗನಿಗೆ ಕಟ್ಟಿ ಎಂದು ಸಲಹೆ ಕೊಟ್ಟಿದ್ದ. ಎರಡನೇ ಟಾಲೆಮಿ ಸಿಂಹಾಸನವೇರಿದ ಮೇಲೆ ಅವನನ್ನು ರಾಜಧಾನಿಯಿಂದ ಹೊರಗಟ್ಟಿದ. ಅಲ್ಲೇ ಹಾವು ಕಚ್ಚಿ ಸತ್ತನೆಂದು ಹಳೆಯ ಗ್ರೀಕ್ ಆಧಾರವಿದೆ. ಅಂಥವನು ಅದೇ ಅರಸನ ಪಕ್ಕ ನಿಂತು ಅನುವಾದದ ಏರ್ಪಾಡು ಮಾಡುವುದು ಹೇಗೆ? ಕಾಲಗಣನೆಯಲ್ಲಿ ಪಳಗಿದ ಕಣ್ಣಿಗೇ ಇದು ಬೀಳಬೇಕು. 1684ರಲ್ಲಿ ಆಕ್ಸ್‌ಫರ್ಡಿನ ಹಂಫ್ರಿ ಹೋಡಿ ಎಂಬ ತರುಣ ಇಡೀ ಪತ್ರವನ್ನೇ ಜಾಲಾಡಿ ನಕಲಿಯೆಂದು ಪುಸ್ತಕ ಬರೆದರು. ಪತ್ರವನ್ನು ನಂಬಿದ್ದ ವಿದ್ವಾಂಸ ಐಸಾಕ್ ವೊಸಿಯಸ್ ಸಿಟ್ಟಿನಿಂದ ಎದುರುತ್ತರ ಕೊಟ್ಟರೂ ಅವರ ವಾದ ಉಳಿಯಲಿಲ್ಲ.

ನನಗೆ ಸ್ಕಾಲಿಗರ್ ದೊಡ್ಡವರೆನಿಸುವುದು ಇನ್ನೊಂದು ಕಾರಣಕ್ಕೆ. ಸುಳ್ಳು ಎಂದು ಅವರು ಪತ್ರವನ್ನು ಬಿಸಾಡಲಿಲ್ಲ. ಬರೆದವನು ಗ್ರೀಕ್ ಆಡುವ ಯೆಹೂದಿ ಎಂದು ಗುರುತಿಸಿದರು. ಯೆಹೂದ್ಯರೆಂದರೆ ಹೀಬ್ರೂ ಎಂದಷ್ಟೇ ತಿಳಿದಿದ್ದವರಿಗೆ ಗ್ರೀಕಿನಲ್ಲೇ ಓದಿ ಪ್ರಾರ್ಥಿಸುತ್ತಿದ್ದ ಒಂದು ಸಮುದಾಯವೇ ಕಾಣಿಸತೊಡಗಿತು.

ಹಾಗಾಗಿ ಪತ್ರವನ್ನು ಓದಿ, ಅರಸನ ಚರಿತ್ರೆಯೆಂದು ಬೇಡ, ಬರೆದವನ ಆಸೆಯೆಂದು. ಅದರಲ್ಲಿ ಏಳು ದಿನದ ಔತಣವಿದೆ. ಅರಸ ಪ್ರತಿಯೊಬ್ಬ ಹಿರಿಯನಿಗೂ ಒಂದೊಂದು ಪ್ರಶ್ನೆ ಕೇಳಿ ಮೆಚ್ಚುತ್ತಾನೆ. ಅಡುಗೆಯೆಲ್ಲ ಅತಿಥಿಗಳ ಕಟ್ಟುಪಾಡಿನಂತೆಯೇ ಆಗಬೇಕೆಂದು, ತನಗೂ ಅದನ್ನೇ ಬಡಿಸಬೇಕೆಂದು ಅಪ್ಪಣೆ ಮಾಡುತ್ತಾನೆ.