ಬಾರದವರ ಪಟ್ಟಿ

(ಆಪ್ತ ಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ಹೆಸರು, ವಯಸ್ಸು, ಜಾಗದ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸತೀಶ್‌ಗೆ 32 ವರ್ಷ. ವಾರವೆಲ್ಲಾ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ, ರಜೆಯ ದಿನ ಗೆಳೆಯನ ಜೊತೆ ಕನ್ನಡದಲ್ಲಿ ಹಾಸ್ಯದ ಪಾಡ್‌ಕಾಸ್ಟ್. ಒಂದೊಂದು ಕಂತನ್ನೂ ಎರಡು ಸಾವಿರಕ್ಕಿಂತ ಜಾಸ್ತಿ ಜನ ಕೇಳುತ್ತಿದ್ದರು. ಅಷ್ಟು ಜನ ಕೇಳುವಾಗ 60 ಜನ ಬರಲ್ವಾ ಎಂದು ಲೈವ್ ಶೋ ಶುರು ಮಾಡಿದರು. ಬಸವನಗುಡಿ ಕಡೆ ಒಂದು ಕೆಫೆಯ ಮಹಡಿ, 60 ಕುರ್ಚಿ, ಟಿಕೆಟ್‌ಗೆ 199 ರೂಪಾಯಿ. ಬಂದವರು 11 ಜನ, ಅದರಲ್ಲಿ ನಾಲ್ವರು ಮನೆಯವರೇ. ಮುಂದಿನ ತಿಂಗಳು ಒಂಬತ್ತಕ್ಕಿಳಿಯಿತು.

ನನ್ನ ಬಳಿ ಬರುವ ಹೊತ್ತಿಗೆ ನಿದ್ದೆ ಕೆಟ್ಟಿತ್ತು. ಶೋ ಹತ್ತಿರ ಬಂತೆಂದರೆ ಹೊಟ್ಟೆ ತೊಳಸುತ್ತಿತ್ತು. "ಯಾರೂ ನಗಲಿಲ್ಲ ಮೇಡಂ. ನನಗೆ ತಮಾಷೆ ಮಾಡೋಕೇ ಬರಲ್ಲ ಅನ್ಸುತ್ತೆ" ಎಂದರು. ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಎಂದರು. ಆದರೂ ಯಾವುದಾದರೂ ರಾತ್ರಿ ತೀರಾ ಕಷ್ಟವಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಎರಡನೇ ಭೇಟಿಯಲ್ಲಿ ಫೋನ್ ತೆಗೆದು ಒಂದು ಪಟ್ಟಿ ತೋರಿಸಿದರು. ಬರ್ತೀನಿ ಎಂದು ಹೇಳಿ ಬಾರದವರ ಹೆಸರುಗಳು. ಕಾಲೇಜು ಗೆಳೆಯರು, ಆಫೀಸಿನವರು, ಚಿಕ್ಕಪ್ಪನ ಮಗ. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಟ್ಟುಕೊಳ್ಳುವ ಹಾಗೆ ಎಲ್ಲವೂ ಅಚ್ಚುಕಟ್ಟಾಗಿತ್ತು. ಒಬ್ಬೊಬ್ಬರಿಗೂ ಬೇರೆ ಬೇರೆ ವಾಟ್ಸಾಪ್ ಮೆಸೇಜು, ಆಮೇಲೆ ನೀಲಿ ಗೀಟು ಬಿತ್ತಾ ಎಂದು ಕಾಯುವುದು. ಹೆಂಡತಿಯೂ ತನ್ನ ಆಫೀಸಿನಲ್ಲಿ ಟಿಕೆಟ್ ಮಾರಬೇಕಿತ್ತು. ಆಕೆ ಸೋತುಹೋಗಿದ್ದರು.

ಅವರನ್ನು ಕಾಡುತ್ತಿದ್ದದ್ದು ಸಭಿಕರು ಕಡಿಮೆ ಎನ್ನುವುದಕ್ಕಿಂತ ಈ ಪಟ್ಟಿಯೇ ಎಂದು ನನಗನಿಸಿತು. ವೇದಿಕೆಯ ಮೇಲೂ ಅದು ಜೊತೆಗಿತ್ತು. ಖಾಲಿ ಕುರ್ಚಿಗಳ ಮೇಲೆ ಒಂದಾದ ಮೇಲೆ ಒಂದು ಜೋಕು ಹಾರಿಸುತ್ತಿದ್ದರು. ಒಂದು ಸಲ ಅಂದರೆ ನಗು ಬರುತ್ತದೆ. ಹತ್ತು ಸಲ ಅಂದರೆ, ಟ್ರಾಫಿಕ್ಕಿನಲ್ಲಿ ಒದ್ದಾಡಿ ಬಂದು 199 ರೂಪಾಯಿ ಕೊಟ್ಟವರಿಗೆ ತಪ್ಪು ಜಾಗಕ್ಕೆ ಬಂದಂತಾಗುತ್ತದೆ, ಅಲ್ವಾ?

ಪಟ್ಟಿ ಅಳಿಸಿ ಎಂದು ನಾನು ಹೇಳಲಿಲ್ಲ. ಹೇಳಿದರೆ ಕೇಳುತ್ತಲೂ ಇರಲಿಲ್ಲ. ಬದಲಿಗೆ ಎರಡನೇ ಶೋದ ರೆಕಾರ್ಡಿಂಗ್ ಕೇಳಿ, ನಗು ಬಂದ ಕಡೆಯೆಲ್ಲಾ ಗುರುತು ಹಾಕಿಕೊಂಡು ಬನ್ನಿ ಎಂದೆ. ಮುಂದಿನ ವಾರ ಇಪ್ಪತ್ತಕ್ಕೂ ಜಾಸ್ತಿ ಗುರುತು ತಂದರು. ಕೆಲವು ಕಡೆ ನಗು ಶುರುವಾಗುವ ಮೊದಲೇ ಹೆದರಿ ಮುಂದಿನ ಮಾತಿಗೆ ಹಾರಿದ್ದರು. ಇದನ್ನು ನಾನು ಹೇಳಿದ್ದಲ್ಲ, ಅವರೇ ಕಂಡುಕೊಂಡದ್ದು. "ಆದರೆ ಮುಂದಿನ ಸಾಲಿನಲ್ಲಿ ಒಬ್ಬರು ಕೈ ಕಟ್ಟಿಕೊಂಡು ಕೂತಿದ್ರಲ್ಲ" ಎಂದು ಪಟ್ಟು ಹಿಡಿದರು. ಆ ಮನುಷ್ಯನಿಗೆ ಹಲ್ಲು ನೋವಿತ್ತೋ ಏನೋ ಎಂದೆ. ಆಗ ಸತೀಶ್ ನಕ್ಕರು.

ಗಣೇಶೋತ್ಸವದ ಹಾಸ್ಯ ಸಂಜೆಗಳನ್ನು ನೋಡುತ್ತಾ ಬೆಳೆದವರು ಅವರು. ಗಂಗಾವತಿ ಪ್ರಾಣೇಶ್ ಮಾತಾಡಿದರೆ ಮೈದಾನ ತುಂಬುತ್ತದೆ, ನಿಜ. ಆದರೆ ಅಂಥ ಕಡೆ ಜನ ಸೇರಿಸಲು ಉತ್ಸವ ಸಮಿತಿ ಇರುತ್ತದೆ. ಪುಕ್ಕಟೆ ಪ್ರವೇಶ, ಮನೆ ಹತ್ತಿರವೇ ಪೆಂಡಾಲು. ಪಾಡ್‌ಕಾಸ್ಟ್ ಕೇಳುವವರು ಹುಬ್ಬಳ್ಳಿಯಲ್ಲೂ ಇರುತ್ತಾರೆ, ದುಬೈಯಲ್ಲೂ ಇರುತ್ತಾರೆ. ಕೇಳುಗರು ಯಾವ ಊರಿನವರು ಎಂದು ಆ್ಯಪ್‌ನಲ್ಲೇ ನೋಡಿ ಎಂದೆ. ಬೆಂಗಳೂರಿನವರು ಕಾಲು ಭಾಗವೂ ಇರಲಿಲ್ಲ.

ಪ್ರಚಾರ ನನ್ನ ವಿಷಯವಲ್ಲ. ನಗುವಿನ ಬಗ್ಗೆ ಮಾತ್ರ ಸ್ವಲ್ಪ ಗೊತ್ತು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜನರ ನಡುವೆ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ತೋರಿಸಿದ್ದಾರೆ. ಒಂಬತ್ತು ಜನರನ್ನು 60 ಕುರ್ಚಿಗಳಲ್ಲಿ ಚದುರಿಸಿ ಕೂರಿಸಿದರೆ ಒಬ್ಬೊಬ್ಬರೂ ಒಂಟಿಯೇ. ಹಾಗಾಗಿ 25 ಕುರ್ಚಿಯ ಜಾಗ ಹುಡುಕಿ, ಮಿಕ್ಕ ಕುರ್ಚಿ ಎತ್ತಿಡಿಸಿ, ಎಲ್ಲರನ್ನೂ ಮುಂದೆ ಒತ್ತಾಗಿ ಕೂರಿಸಿ ಎಂದೆ. ಮನೆಯವರು ಬಂದರೆ ಖುಷಿ, ಆದರೆ ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗೆಳೆಯರಿಗೆ ಒಂದೇ ಮೆಸೇಜು, ಅದೂ ಒಂದೇ ಸಲ, "ಬರಲಾಗದಿದ್ದರೆ ಉತ್ತರ ಬೇಡ" ಎಂಬ ಸಾಲಿನ ಜೊತೆ. ಹೆಂಡತಿಗೆ ಟಿಕೆಟ್ ಮಾರುವ ಕೆಲಸದಿಂದ ಬಿಡುಗಡೆ. ತಿಂಗಳಿಗೆ ಎಷ್ಟು ದುಡ್ಡು ಕೈಬಿಟ್ಟರೆ ಮನೆಗೆ ತೊಂದರೆಯಿಲ್ಲ ಎಂದು ಇಬ್ಬರೂ ಕೂತು ಮೊದಲೇ ಒಂದು ಮೊತ್ತ ಗೊತ್ತು ಮಾಡಿಕೊಳ್ಳಬೇಕು, ಆರು ತಿಂಗಳ ಮೇಲೆ ಮತ್ತೆ ನೋಡಬೇಕು. ಪ್ರತಿ ತಿಂಗಳು ಅದೇ ಶನಿವಾರ ಶೋ ಇಟ್ಟರೆ ಅಪರಿಚಿತರಿಗೂ ದಿನ ನೆನಪಿರುತ್ತದೆ ಎನ್ನುವುದು ಹೆಂಡತಿಯ ಸಲಹೆ. ನನಗೂ ಅದು ಸರಿ ಎನಿಸಿತು.

ಈಚಿನ ಶೋಗೆ 25 ಕುರ್ಚಿಗೆ 17 ಜನ ಬಂದಿದ್ದರು. ನಿದ್ದೆ ಸುಧಾರಿಸಿದೆ. ಪಟ್ಟಿ ಫೋನಿನಲ್ಲಿ ಇನ್ನೂ ಇದೆ, ಹೊಸ ಹೆಸರು ಸೇರಿಲ್ಲವಂತೆ. ಪಾಡ್‌ಕಾಸ್ಟ್ ಗೆಳೆಯನ ಜೊತೆಗಿನ ಮುನಿಸು ಮಾತ್ರ ಹಾಗೇ ಇದೆ. ಆತ ಮೈಕ್ ಮುಂದೆ ಬಂದು ಕೂರುತ್ತಾನೆ, ಪೋಸ್ಟರ್, ಬುಕಿಂಗ್, ಕೆಫೆಯವರ ಜೊತೆ ಚೌಕಾಸಿ ಎಲ್ಲಾ ಸತೀಶ್ ತಲೆಗೆ. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿದ್ದೀರಾ ಎಂದು ಕೇಳಿದೆ. ಹೇಳಿಲ್ಲ. ಮುಂದಿನ ಶೋದ ದಿನ ಗೊತ್ತು ಮಾಡುವ ಮೊದಲು ಇಬ್ಬರೂ ಕೂತು ಯಾರಿಗೆ ಯಾವ ಕೆಲಸ ಎಂದು ಬರೆದುಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.