ಎಂಬಿಎ ಫೀಸು ಕಂಪನಿ ಕಟ್ಟಬೇಕೋ, ನಾನೇ ಕಟ್ಟಬೇಕೋ?

ಎಂಬಿಎ ಫೀಸು ಕಂಪನಿ ಕಟ್ಟುತ್ತದೆ, ಆದರೆ 2 ವರ್ಷ ಕೆಲಸ ಬಿಡುವುದಿಲ್ಲ ಅಂತ ಬಾಂಡ್ ಕೇಳುತ್ತಿದೆ, ಅದಕ್ಕೆ ಸಹಿ ಹಾಕುವ ಬದಲು ಫೀಸು ನಾನೇ ಕಟ್ಟಿ ಟ್ಯಾಕ್ಸ್ ಉಳಿಸಿದರೆ ಹೇಗೆ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ಕೈಸುಟ್ಟುಕೊಂಡವನು ನಾನು.

ಆಗ ಮಂಗಳೂರಿನ ಕೊಟ್ಟಾರದಲ್ಲಿ ಕೆಲಸ. ಪಾರ್ಟ್‌ಟೈಮ್ ಎಂಬಿಎ ಫೀಸು ನಾವೇ ಕಟ್ಟುತ್ತೇವೆ, 2 ವರ್ಷ ಕೆಲಸ ಬಿಡುವ ಹಾಗಿಲ್ಲ ಅಂದರು ಆಫೀಸಿನವರು. ಯಾರಿಗೆ ಬೇಕು ಮಾರಾಯ್ರೇ ಆ ಕಟ್ಟು, ಎಜುಕೇಶನ್ ಲೋನ್ ಬಡ್ಡಿಯನ್ನು ಟ್ಯಾಕ್ಸ್ ಲೆಕ್ಕದಲ್ಲಿ ಆದಾಯದಿಂದ ಕಳೆಯಲು 80ಇ ಸೆಕ್ಷನ್ ಉಂಟಲ್ವಾ ಅಂದುಕೊಂಡೆ. ಬ್ಯಾಂಕಿನಲ್ಲಿ ಕಾಗದಪತ್ರದ ರಗಳೆ ಜಾಸ್ತಿ. ಉಡುಪಿಯಲ್ಲಿ ಮನೆ ಹತ್ತಿರದ ಸೊಸೈಟಿಯಲ್ಲಿ ಅಪ್ಪನಿಗೆ ಗುರ್ತ ಇತ್ತು. ಜಾಮೀನು ಹಾಕಿಸಿ ಅಲ್ಲೇ ಸಾಲ ತೆಗೆದೆ.

ಕೆಟ್ಟದ್ದು ಅಲ್ಲೇ. ಆ ಕಡಿತ ಸಿಗುವುದು ಬ್ಯಾಂಕ್, ಸರ್ಕಾರ ಸೂಚಿಸಿದ ಹಣಕಾಸು ಸಂಸ್ಥೆ ಅಥವಾ ಮಾನ್ಯತೆ ಇರುವ ಚಾರಿಟಿ ಕೊಟ್ಟ ಸಾಲಕ್ಕೆ ಮಾತ್ರ. ಕ್ರೆಡಿಟ್ ಸೊಸೈಟಿಗೆ ಕೌಂಟರ್ ಉಂಟು, ಪಾಸ್‌ಬುಕ್ ಉಂಟು, ನಮ್ಮ ಕಡೆ ಎಷ್ಟೋ ಜನ ಅದನ್ನೂ ಬ್ಯಾಂಕ್ ಅಂತಲೇ ಹೇಳುವುದು. ಕಾನೂನಿಗೆ ಅದು ಬ್ಯಾಂಕ್ ಅಲ್ಲ. ಸೆಕ್ರೆಟರಿ ಪಾಪ, ಲೆಟರ್‌ಹೆಡ್ಡಿನಲ್ಲಿ ‘ಉನ್ನತ ವಿದ್ಯಾಭ್ಯಾಸದ ಸಾಲ’ ಅಂತ ಬರೆದು ದೊಡ್ಡ ಸೀಲು ಹೊಡೆದು ಕೊಟ್ಟಿದ್ದರು. ಹಂಪನಕಟ್ಟೆಯ ಸಿಎ ಅದನ್ನು ಪೂರ್ತಿ ಓದಿದರು, ಮಡಚಿ ನನ್ನ ಕೈಗೇ ಕೊಟ್ಟರು. ಮಾವನ ಹತ್ತಿರ ಸಾಲ ತೆಗೆದಿದ್ದರೂ ಇದೇ ಕತೆ ಅಂದರು. ಹಾಗಾದರೆ ಉಳಿತಾಯ, ಫೀಸು ಇಂಥದ್ದನ್ನೆಲ್ಲ ಕಳೆಯುವ ಇನ್ನೊಂದು ಸೆಕ್ಷನ್ 80ಸಿಯಲ್ಲಿ ಟ್ಯೂಷನ್ ಫೀಸು ತೋರಿಸಿ ಅಂದೆ. ಅದು ಮಕ್ಕಳ ಫೀಸಿಗೆ, ನಿಮ್ಮದಕ್ಕಲ್ಲ ಅಂದರು.

ಹಾಗಾಗಿ ‘ನಾನೇ ಕಟ್ಟಿ ಟ್ಯಾಕ್ಸ್ ಉಳಿಸುವುದು’ ಅನ್ನುವ ಆಯ್ಕೆಯೇ ನಿಮಗಿಲ್ಲ. ಸಂಬಳದವರು ಸ್ವಂತ ಓದಿಗೆ ಕಟ್ಟಿದ ಫೀಸಿಗೆ ಏನೂ ಸಿಗುವುದಿಲ್ಲ. ಸಾಲದ ಬಡ್ಡಿಗೆ ಮಾತ್ರ, ಹೆಚ್ಚೆಂದರೆ 8 ವರ್ಷ, ಅದೂ ಇಂಥ ಕಡಿತ ಇರುವ ಹಳೇ ಟ್ಯಾಕ್ಸ್ ಪದ್ಧತಿ (ಹಳೇ ರೆಜೀಮ್) ಆರಿಸಿಕೊಂಡರೆ. 2023-24ರಿಂದ ಏನೂ ಆರಿಸದೆ ಸುಮ್ನೆ ಕೂತವರೆಲ್ಲ ಈ ಕಡಿತ ಇಲ್ಲದ ಹೊಸ ರೆಜೀಮಿಗೇ ಬೀಳುತ್ತಾರೆ. ಎಲ್ಲ ಸರಿಯಾದರೂ 40,000 ಬಡ್ಡಿ ಕಟ್ಟಿದರೆ 20% ಸ್ಲ್ಯಾಬಿನಲ್ಲಿ ಉಳಿಯುವುದು ಸೆಸ್ ಸೇರಿ 8,320. ಅದಕ್ಕೋಸ್ಕರ ಪೂರ್ತಿ ಫೀಸು ಕೈಯಿಂದ ಹಾಕುತ್ತೀರಾ?

ಕಂಪನಿಯೇ ಕಟ್ಟಲಿ. ಕೆಲಸಕ್ಕೆ ಬೇಕಾದ ಕೋರ್ಸಿಗೆ ಅವರು ನೇರವಾಗಿ ಕಾಲೇಜಿಗೆ ಕಟ್ಟಿದರೆ ಸಾಮಾನ್ಯವಾಗಿ ಅದನ್ನು ನಿಮ್ಮ ಸಂಬಳಕ್ಕೆ ಸೇರಿಸುವುದಿಲ್ಲ. ಅಲೋವೆನ್ಸ್ ಅಂತ ಸಂಬಳದ ಜೊತೆ ಹಾಕುತ್ತೇವೆ ಅಂದರೆ ಒಪ್ಪಬೇಡಿ, ಟ್ಯಾಕ್ಸ್ ಬೀಳುತ್ತದೆ. ವರ್ಷಕ್ಕೊಮ್ಮೆ ಕೊಡುವ ಸಂಬಳ-ಟ್ಯಾಕ್ಸಿನ ಸರ್ಟಿಫಿಕೇಟಿನಲ್ಲಿ ಈ ಫೀಸನ್ನು ಹೇಗೆ ತೋರಿಸುತ್ತೀರಿ ಅಂತ ಎಚ್‌ಆರ್ ಹತ್ತಿರ ಈಗಲೇ ಇಮೇಲಿನಲ್ಲಿ ಕೇಳಿ.

ಇನ್ನು ಬಾಂಡ್. ಮನೆ ಇಲ್ಲೇ, ಬೆಂಗಳೂರಿಗೆ ಹೋಗುವ ಯೋಚನೆ ಇಲ್ಲ ಅಂತ ನೀವೇ ಬರೆದಿದ್ದೀರಿ. ಮತ್ತೆ 2 ವರ್ಷಕ್ಕೆ ಎಂತ ಹೆದರಿಕೆ? ಮಧ್ಯದಲ್ಲಿ ಬಿಟ್ಟರೆ ಪೂರ್ತಿ ಫೀಸು ವಾಪಸೋ, ಉಳಿದ ತಿಂಗಳಿನ ಲೆಕ್ಕವೋ, ಅದೊಂದನ್ನು ನೋಡಿಕೊಂಡು ಸಹಿ ಹಾಕಿ.