ನಾಲ್ಕನೇ ಸ್ಟೇಜ್ ಕ್ಯಾನ್ಸರ್ ಇರುವ ಅಕ್ಕನನ್ನು ಪಾಸಿಟಿವ್ ಆಗಿ ಇಡುವುದು ಹೇಗೆ?

ಕೀಮೋ ಮುಗಿಸಿ ಬಂದರೆ ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ಅವರಿಗೆ ಧೈರ್ಯ ತುಂಬುವುದು ಹೇಗೆ ಅಂತ ಕೇಳಿದ್ದೀರಿ. ತುಂಬಲೇಬೇಡಿ. ನನಗೆ ಊರವರೆಲ್ಲ ಸೇರಿ ತುಂಬಿದ್ದರು. ಏನಾಯ್ತು ಅಂತ ಹೇಳುತ್ತೇನೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ, ಊರು ಕುಂದಾಪುರದ ಕಡೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ, ಸೀರೆಗೆ ಫಾಲ್ ಹಚ್ಚುತ್ತಿದ್ದೆ. ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ ಲಿವರಿಗೂ ಹಬ್ಬಿತ್ತು. ಕೀಮೋದಲ್ಲಿ ಆಕ್ಸಲಿಪ್ಲಾಟಿನ್ ಅನ್ನುವ ಔಷಧಿ ಇತ್ತು. ಅದಕ್ಕೆ ಕೂದಲು ಅಷ್ಟಾಗಿ ಉದುರುವುದಿಲ್ಲ. ಲೋಕಲ್ ಟ್ರೈನಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹೋಗಬಹುದು, ನಿಮಗೆ ಗೊತ್ತಿರಬೇಕಲ್ವಾ? ಅಲ್ಲಿ ನನ್ನ ಜಡೆ ನೋಡಿ "ತುಮ್ಹಾಲಾ ಕಾಯ್ ಝಾಲಂಯ್?", ನಿಮಗೇನಾಗಿದೆ ಅಂತ ಜಗಳಕ್ಕೇ ಬರುತ್ತಿದ್ದರು. ಫೈಲ್ ತೋರಿಸಿದ ಮೇಲೆ ಅವರೇ ಎದ್ದು ಜಾಗ ಕೊಡುತ್ತಿದ್ದರು ಅನ್ನಿ.

ಈ ಔಷಧಿಯ ಕಿತಾಪತಿ ಎಲ್ಲ ನರಗಳ ಮೇಲೆ. ತಣ್ಣಗಿನ ವಸ್ತು ಮುಟ್ಟಿದರೆ ಸಾಕು, ಬೆರಳಿಗೆ ಕರೆಂಟ್ ಹೊಡೆದ ಹಾಗೆ. ಫ್ರಿಜ್ ತೆಗೆಯಲು ಕೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದೆ. ಮೇ ತಿಂಗಳ ಸೆಕೆಯಲ್ಲೂ ಬಿಸಿನೀರೇ ಗತಿ. ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಳ್ಳುತ್ತದೆ. ಇದು ಕೆಲವು ದಿನಕ್ಕೆ ಹೋಗುತ್ತದೆ, ಹೆದರುವುದೇನಿಲ್ಲ. ಆದರೆ ಬೆರಳ ತುದಿ ಜೋಮು ಹಿಡಿದು, ಮುಂದಿನ ಕೀಮೋ ಬಂದರೂ ಬಿಡಲಿಲ್ಲ ಅಂದರೆ ಅದು ಬೇರೆ. ಅದನ್ನು ಡಾಕ್ಟರಿಗೆ ಹೇಳಲೇಬೇಕು.

ನಾನು ಹೇಳಲಿಲ್ಲ. ಡಾಕ್ಟರು ಕೇಳಲಿಲ್ಲ ಅಂತ ಅಲ್ಲ, ಪ್ರತಿ ಸಲ ಕೇಳುತ್ತಿದ್ದರು. "ಬಟನ್ ಹಾಕೋಕೆ ಆಗುತ್ತಾ? ಗೊತ್ತಾಗದೆ ಚಪ್ಪಲಿ ಜಾರಿ ಹೋಗುತ್ತಾ?" ನಾನು ಪ್ರತಿ ಸಲ "ಏಕದಂ ಆರಾಮ್" ಅನ್ನುತ್ತಿದ್ದೆ. ಚಪ್ಪಲಿ ಜಾರುತ್ತಿತ್ತು. ಡೊಂಬಿವಲಿ ಬ್ರಿಜ್ ಮೇಲೆ ಒಂದು ಕಾಲಿನದ್ದು ಬಿಟ್ಟು ಬಂದು, ಕೆಳಗಿಳಿದ ಮೇಲೆ ನೋಡಿಕೊಂಡಿದ್ದೂ ಇದೆ. ಆದರೂ ಆರಾಮ್.

ಯಾಕೆ ಹಾಗೆ ಮಾಡಿದೆ ಅಂತ ಬಹಳ ಯೋಚಿಸಿದ್ದೇನೆ. ಊರಿಂದ ಅತ್ತಿಗೆ ಫೋನ್ ಮಾಡಿದಾಗಲೆಲ್ಲ "ನಿನ್ನ ಧೈರ್ಯವೇ ಅರ್ಧ ಮದ್ದು" ಅನ್ನುತ್ತಿದ್ದರು. ಬಿಲ್ಡಿಂಗಿನವರು ನನ್ನನ್ನು ಉದಾಹರಣೆ ಕೊಡುತ್ತಿದ್ದರು, ನೋಡಿ ಹೇಗೆ ನಗ್ತಾ ಇರ್ತಾರೆ ಅಂತ. ಹೊಗಳಿಸಿಕೊಳ್ಳುವುದು ಒಂದು ಚಟ, ಬೇಗ ಬಿಡುವುದಿಲ್ಲ. ಜೊತೆಗೆ ಬರುತ್ತಿದ್ದ ಮಗ ನಾನು "ಆರಾಮ್" ಅಂದ ಕೂಡಲೇ ಹಗುರಾಗುತ್ತಿದ್ದ, ಅವನ ಮುಖ ನೋಡಿ ಬೇರೆ ಮಾತು ಹೊರಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಭಯ. ಜೋಮು ಅಂದರೆ ಡೋಸ್ ಕಮ್ಮಿ ಮಾಡುತ್ತಾರೆ, ಡೋಸ್ ಕಮ್ಮಿಯಾದರೆ ರೋಗ ಗೆಲ್ಲುತ್ತದೆ ಅಂತ ನನ್ನದೇ ಲೆಕ್ಕ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು: ಆ ಒಂದು ಔಷಧಿ ಕಮ್ಮಿ ಮಾಡಿ ಅಥವಾ ನಿಲ್ಲಿಸಿ, ಉಳಿದದ್ದನ್ನು ಮುಂದುವರಿಸುವುದು ಡಾಕ್ಟರುಗಳಿಗೆ ದಿನನಿತ್ಯದ ಕೆಲಸ.

ಒಂದು ದಿನ ಮದುವೆ ಬ್ಲೌಸಿಗೆ ಹುಕ್ ಹಾಕುತ್ತಾ ಕೂತಿದ್ದೆ. ಕೆನೆ ಬಣ್ಣದ ರೇಷ್ಮೆ. ಪಟ್ಟಿ ಮೇಲೆ ಕೆಂಪು ಚುಕ್ಕೆ ಕಂಡಿತು. ಕುಂಕುಮ ಉದುರಿತೇನೋ ಅಂತ ಒರೆಸಲು ಹೋದರೆ ಪಕ್ಕದಲ್ಲಿ ಇನ್ನೊಂದು. ನೋಡಿದರೆ ಸೂಜಿ ತೋರುಬೆರಳಿಗೆ ನಾಟಿಕೊಂಡೇ ಇತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಆಕ್ಸಲಿಪ್ಲಾಟಿನ್ ನಿಂತಿತು, ಚಿಕಿತ್ಸೆ ನಿಲ್ಲಲಿಲ್ಲ. ಔಷಧಿ ನಿಲ್ಲಿಸಿದ ಮೇಲೂ ಜೋಮು ಕೆಲವು ತಿಂಗಳು ಜಾಸ್ತಿಯೇ ಆಯಿತು, ಹಾಗಾಗುವುದು ಉಂಟಂತೆ. ಆಮೇಲೆ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಈಗ ಮೆಷಿನ್ನಿನಲ್ಲಿ ನೇರ ಹೊಲಿಗೆ ಹಾಕುತ್ತೇನೆ ಅಷ್ಟೆ. ಹುಕ್ಕು, ಕಾಜಾ, ಫಾಲ್ ಎಲ್ಲ ಬೇರೆಯವರಿಗೆ ಕೊಟ್ಟು ಮಾಡಿಸುತ್ತೇನೆ. ಸಂಪಾದನೆ ಇದ್ದಿದ್ದೇ ಆ ಕೈಹೊಲಿಗೆಯಲ್ಲಿ.

ಇನ್ನು ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಸೋಲುತ್ತದೆ ಅನ್ನುವ ಮಾತು. ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರ ಮೇಲಿನ ಅಧ್ಯಯನವೊಂದು 2007ರಲ್ಲಿ ಬಂತು. ಮನಸ್ಸಿನ ಸ್ಥಿತಿಗೂ ಅವರು ಎಷ್ಟು ಕಾಲ ಬದುಕಿದರು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಮಗ ಓದಿ ಹೇಳಿದಾಗ ನಾನು ಅತ್ತುಬಿಟ್ಟೆ, ಸಮಾಧಾನಕ್ಕೆ. ಅತ್ತರೆ ಗೆಡ್ಡೆ ಬೆಳೆಯುವುದಿಲ್ಲವಲ್ಲ! ನಿಮ್ಮ ಅಕ್ಕ ಗೋಡೆ ಕಡೆ ತಿರುಗಿ ಮಲಗಲಿ ಬಿಡಿ. ಕೀಮೋ ಆದ ಮೊದಲ ದಿನಗಳಲ್ಲಿ ಮಾತಾಡುವುದೂ ಒಂದು ಕೆಲಸವೇ.

ಆದರೆ ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ. ಖಿನ್ನತೆಗೂ ಔಷಧಿ ಇದೆ, ನಿಮ್ಮ ಉಪದೇಶಕ್ಕಿಂತ ಅದೇ ವಾಸಿ. ಪ್ಯಾಲಿಯೇಟಿವ್ ವಿಭಾಗಕ್ಕೆ, ಅಂದರೆ ನೋವು, ಸಂಕಟ ಕಮ್ಮಿ ಮಾಡಿ ಆರೈಕೆ ಮಾಡುವವರ ಹತ್ತಿರ, ಕಳಿಸಿ ಅಂತ ಈಗಲೇ ಕೇಳಿ. ಆ ಹೆಸರು ಕೇಳಿದ್ದೇ ನಮ್ಮನೆಯವರು ಕುರ್ಚಿಯಲ್ಲಿ ಕುಸಿದಿದ್ದರು, ಕೊನೆಗಾಲ ಬಂತು ಅಂತ. ಹಾಗಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹಬ್ಬಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಶುರುವಿನಿಂದಲೇ ಈ ಆರೈಕೆ ಕೊಟ್ಟಾಗ ಖಿನ್ನತೆ ಕಮ್ಮಿಯಾಯಿತು, ಬದುಕಿದ ಕಾಲವೂ ಸ್ವಲ್ಪ ಹೆಚ್ಚಿತು. ನನಗಂತೂ ರಾತ್ರಿ ನಿದ್ದೆ ಬಂದಿದ್ದು ಅವರು ನೋವಿನ ಮಾತ್ರೆ ಸರಿಮಾಡಿಕೊಟ್ಟ ಮೇಲೆ.

ಖುಷಿ ಯಾವಾಗ ಆಯಿತು ಅಂತ ಕೇಳಿದರೆ, ಒಬ್ಬ ಗಿರಾಕಿ ಬಂದು ತೋಳು ಲೂಸ್ ಮಾಡಿದ್ದೀರಿ ಅಂತ ಬಾಗಿಲಲ್ಲೇ ನಿಂತು ಬೈದ ದಿನ. ಎಷ್ಟು ತಿಂಗಳಾದ ಮೇಲೆ ಒಬ್ಬರು ನನ್ನನ್ನು ರೋಗಿ ಅಂತ ನೋಡಲಿಲ್ಲ! ನೀವೂ ಅಕ್ಕನ ಹತ್ತಿರ ಸುಮ್ನೆ ಮನೆ ವಿಷಯ ಮಾತಾಡಿ, ಬೇಕಾದರೆ ಜಗಳ ಆಡಿ. ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಹೋಗುತ್ತದೆ ಅಂತ ವಾಟ್ಸಾಪ್ ಮೆಸೇಜು ಕಳಿಸುವವರನ್ನು ಮಾತ್ರ ಅವರ ಹತ್ತಿರ ಬಿಡಬೇಡಿ.

ಮನೆಯಲ್ಲಿ ಥರ್ಮಾಮೀಟರ್ ಇರಲಿ. ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮುಂದಿನ ಸಲ ಡಾಕ್ಟರ ಹತ್ತಿರ ಅಕ್ಕನ ಜೊತೆ ನೀವೇ ಹೋಗಿ. ಜೋಮು, ವಾಂತಿ, ಭೇದಿ, ಬಾಯಿಹುಣ್ಣು, ನಿದ್ದೆ, ಯಾವ ದಿನ ಏನಾಯಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಅವರು ಆರಾಮ್ ಅಂದರೂ ಚೀಟಿ ಡಾಕ್ಟರ ಕೈಗೆ ಕೊಡಿ. ಅಕ್ಕ ನಿಮ್ಮನ್ನು ಬೈಯಬಹುದು, ಬೈಸಿಕೊಳ್ಳಿ.